ಪಂಪ್‌ಸೆಟ್ಟಿನ ಬಾಸು, ಆಫೀಸಿನ ಬಾಸು

ಹಿರಿಯರೆ,

ಮಂಡ್ಯದಿಂದ ನೀವು ಬರೆದ ಕಾಗದ ಸಿಕ್ಕಿತು. ನಾಲ್ಕು ಹಾಳೆ, ಎರಡೂ ಕಡೆ ತುಂಬಿಸಿ ಬರೆದಿದ್ದೀರಿ. ಇಷ್ಟು ಪ್ರೀತಿಯಿಂದ ಒಂದು ಮಾತಿನ ಬೆನ್ನು ಹತ್ತಿದವರಿಗೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಅದಕ್ಕೇ ಈ ಸಲ ಬೇರೆ ಕಾಗದಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಪೂರಾ ಜಾಗ ನಿಮಗೇ ಕೊಟ್ಟಿದ್ದೇನೆ.

ಉಳಿದ ಓದುಗರಿಗಾಗಿ ನೀವು ಕೇಳಿದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಮೂವತ್ತು ವರ್ಷಕ್ಕೂ ಜಾಸ್ತಿ ಎರಕದ ಕಾರ್ಖಾನೆಯಲ್ಲಿ ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ, ಮಾಡಿದವರು. ಅಲ್ಲಿ ‘ಬಾಸ್’ ಅಂದರೆ ಬೀಡಿನ (ಎರಕದ ಕಬ್ಬಿಣದ) ಸಾಮಾನಿನ ಮೇಲೆ ಬರುವ ದುಂಡನೆಯ ಉಬ್ಬು. ‘ಇಲ್ಲೊಂದು ಬಾಸ್ ಕೊಡಿ, ಬೋಲ್ಟ್ ಕೂರಬೇಕು’ ಅಂತ ಡ್ರಾಯಿಂಗ್ ನೋಡಿ ಹೇಳುತ್ತಿದ್ದರಂತೆ. ಮೇಲಿನ ಅಧಿಕಾರಿಗೂ ‘ಬಾಸ್’ ಅಂತಲೇ ಹೆಸರು. ಈಗ ಮೈಸೂರಿನಲ್ಲಿ ಓದುತ್ತಿರುವ ನಿಮ್ಮ ಮೊಮ್ಮಗ ಫೋನ್ ಮಾಡಿ ‘ಏನ್ ಬಾಸ್, ಊಟ ಆಯ್ತಾ?’ ಅನ್ನುತ್ತಾನೆ. ನಿಮಗೆ ಬೇಜಾರಾಗಿದೆ. ನಿಮ್ಮ ಪ್ರಶ್ನೆ ಮೂರು. ಕಬ್ಬಿಣದ ಬಾಸೂ ಆಫೀಸಿನ ಬಾಸೂ ಒಂದೇ ಮಾತಾ? ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ಮೊಮ್ಮಗನನ್ನು ತಿದ್ದಬೇಕಾ?

ಮೊದಲನೆಯದಕ್ಕೆ ಉತ್ತರ ಸುಲಭ. ಎರಡೂ ಬೇರೆ ಬೇರೆ ಮಾತು. ಬೇರೆ ಊರಲ್ಲಿ ಹುಟ್ಟಿ, ಬೇರೆ ದಾರಿಯಲ್ಲಿ ಬಂದು, ಇಂಗ್ಲಿಷಿನಲ್ಲಿ ಒಂದೇ ಉಡುಪು ತೊಟ್ಟಿವೆ.

ನಿಮ್ಮ ಕಬ್ಬಿಣದ ಬಾಸು ಹಳೆಯದು. ಫ್ರೆಂಚರಲ್ಲಿ ಗೂನು, ಉಬ್ಬು ಅನ್ನುವುದಕ್ಕೆ ‘ಬೊಸ್’ ಅಂತ ಮಾತಿದೆ. ಅದರ ಹಳೆಯ ರೂಪ ಸುಮಾರು 700 ವರ್ಷದ ಹಿಂದೆ ಇಂಗ್ಲಿಷಿಗೆ ಬಂತು. ಲಗ್ನಪತ್ರಿಕೆಯ ಮೇಲೆ ಅಕ್ಷರ ಉಬ್ಬಿಸಿ ಒತ್ತುತ್ತಾರಲ್ಲ, ಎಂಬಾಸಿಂಗ್, ಅದರೊಳಗೆ ಇರುವುದೂ ಇದೇ ಬಾಸು. ನಿಮ್ಮ ಕಾಗದ ಓದಿದ ದಿನ ಸಂಜೆ ನಾನು ನಮ್ಮ ಮನೆಯ ಹಿಂದಿನ ಹಳೆಯ ಪಂಪ್‌ಸೆಟ್ ಹತ್ತಿರ ಕೂತು ನೋಡಿದೆ. ಬುಡದಲ್ಲಿ ನಾಲ್ಕು ಬೋಲ್ಟ್. ಪ್ರತಿ ಬೋಲ್ಟಿನ ಕೆಳಗೂ ದೊಡ್ಡ ನಾಣ್ಯದಷ್ಟು ಅಗಲ ಕಬ್ಬಿಣ ಉಬ್ಬಿಕೊಂಡಿದೆ. ಸುತ್ತಲಿನ ಬೀಡೆಲ್ಲ ಒರಟು, ಎರಕ ಹೊಯ್ದಾಗಿನ ಮರಳಿನ ತರಿ ಹಾಗೇ ಇದೆ. ಉಬ್ಬಿನ ತಲೆ ಮಾತ್ರ ಸಪಾಟು, ನುಣುಪು. ಇಷ್ಟು ವರ್ಷ ಅದನ್ನು ಕಂಡಿದ್ದೆ, ಗಮನಿಸಿರಲಿಲ್ಲ. ಇಡೀ ಬುಡವನ್ನು ಮೆಷಿನ್ನಿಗೆ ಹಾಕಿ ಸವರುವುದು ದಂಡ. ಬೋಲ್ಟ್ ಕೂರುವಷ್ಟು ಜಾಗ ಎತ್ತರಿಸಿಕೊಂಡರೆ ಅಷ್ಟನ್ನೇ ಸವರಿದರೆ ಸಾಕು. ತೂತು ಕೊರೆದ ಕಡೆ ಬಲ ಕಮ್ಮಿಯಾಗುತ್ತದೆ, ಅಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಸೀಳುವುದಿಲ್ಲ. ಇದೆಲ್ಲ ನಿಮಗೆ ನಾನು ಹೇಳುವ ಮಾತಲ್ಲ, ನಿಮ್ಮ ಕಾಗದ ಓದಿಯೇ ಕಲಿತದ್ದು. ಬೇರೆ ಓದುಗರು ಮನೆಯ ಪಂಪ್‌ಸೆಟ್ಟನ್ನೋ ಹೊಲಿಗೆ ಮೆಷಿನ್ನನ್ನೋ ಒಮ್ಮೆ ಬಗ್ಗಿ ನೋಡಲಿ ಅಂತ ಬರೆದೆ.

ಇದೇ ಉಬ್ಬು ಯುರೋಪಿನ ಹಳೆಯ ಗುರಾಣಿಯ ನಡುವೆಯೂ ಇರುತ್ತಿತ್ತು. ಹಿಂದುಗಡೆ ಹಿಡಿಯುವ ಕೈಗೆ ಏಟು ಬೀಳದ ಹಾಗೆ ಕಬ್ಬಿಣದ ಬಟ್ಟಲು ಬೋರಲು ಹಾಕಿದಂತೆ. ಅಲ್ಲಿನ ಚರ್ಚುಗಳ ಒಳಚಾವಣಿಯಲ್ಲಿ ಕಲ್ಲಿನ ಕಮಾನುಗಳು ಒಂದನ್ನೊಂದು ಕೂಡುವ ಕಡೆ ಒಂದು ಕೆತ್ತನೆಯ ಗುಬಟು ಇಡುತ್ತಾರೆ. ಅದೂ ಬಾಸು. ಇದನ್ನು ಓದುವಾಗ ನನಗೆ ಸೋಮನಾಥಪುರ ಕಣ್ಮುಂದೆ ಬಂತು. ಮೈಸೂರಿನಿಂದ ಅಷ್ಟೇನೂ ದೂರವಲ್ಲ, ನೀವೂ ಹೋಗಿರುತ್ತೀರಿ. ಅಲ್ಲಿ ಕೇಶವ ದೇವಸ್ಥಾನದ ಒಳಗೆ ನಿಂತು ಕತ್ತು ಮೇಲೆತ್ತಿದರೆ ಒಂದೊಂದು ಅಂಕಣದ ಚಾವಣಿಯೂ ಒಂದೊಂದು ಥರ. ಕೆಲವದರ ನಟ್ಟನಡುವೆ ಬಾಳೆಮೊಗ್ಗು ಕೆಳಕ್ಕೆ ಇಳಿಬಿದ್ದಿದೆ. ಹೊಯ್ಸಳರ ಕಾಲದ, 13ನೇ ಶತಮಾನದ ಕಲ್ಲು. ಆದರೂ ತೋಟದಲ್ಲಿ ಈಗ ತಾನೇ ಗೊನೆ ಬಿಟ್ಟ ಬಾಳೆಯ ಮೂತಿ ಹಾಗೇ ಇದೆ. ಅವರು ಗುಬಟು ಅಂತ ಕಂಡ ಜಾಗದಲ್ಲಿ ನಮ್ಮ ಶಿಲ್ಪಿಗೆ ಬಾಳೆಮೊಗ್ಗು ಕಂಡಿತು. ಕಾವೇರಿ ದಂಡೆಯ ಮನುಷ್ಯನಿಗೆ ಅದಲ್ಲದೆ ಇನ್ನೇನು ಕಾಣಬೇಕು?

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಿಮ್ಮ ಕಾಗದದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ‘ಬಾಸುಂಡೆಗೂ ಇದಕ್ಕೂ ಸಂಬಂಧ ಇದೆಯೇ?’ ಅಂತ ಗೀಚಿದ್ದೀರಿ. ಏಟು ಬಿದ್ದ ಕಡೆ ಚರ್ಮ ಉಬ್ಬಿ ಬಾಸುಂಡೆ ಬರುತ್ತದೆ. ಸದ್ದೂ ಕೂಡುತ್ತದೆ, ಅರ್ಥವೂ ಕೂಡುತ್ತದೆ. ಇಂಥ ಕಡೆಯೇ ನಾವೆಲ್ಲ ಜಾರುವುದು. ಬಾಸು, ಬಾಸುಳ್, ಬಾಸುಂಡೆ ಇವೆಲ್ಲ ಕನ್ನಡದ ಸ್ವಂತ ಮಾತು. ಫ್ರಾನ್ಸಿಗೂ ಅದಕ್ಕೂ ಯಾವ ನಂಟೂ ಇಲ್ಲ. ಸದ್ದು ಒಂದೇ ಅಂತ ನೆಂಟಸ್ತಿಕೆ ಕಟ್ಟಿದರೆ ಇಡೀ ಲೋಕದ ಮಾತೆಲ್ಲ ಕನ್ನಡದಿಂದಲೇ ಬಂತು ಅಂತ ತೋರಿಸಬಹುದು. ಅದು ಕನ್ನಡದ ಅಭಿಮಾನ ಅಲ್ಲ.

ಆದರೆ ನಿಜವಾದ ನಂಟು ಒಂದಿದೆ, ಅದು ಬೇರೆ ಕಡೆ. ನಮ್ಮ ಹಳ್ಳಿಕಾರ್ ಎತ್ತಿಗೆ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ‘ಬಾಸ್ ಇಂಡಿಕಸ್’ ಅಂತ ಬರೆದಿರುತ್ತಾರೆ. ಬಂಡೀಪುರದ ಕಾಡೆಮ್ಮೆ ‘ಬಾಸ್ ಗೌರಸ್’. ಈ ಬಾಸ್ ಲ್ಯಾಟಿನ್ನಿನ ಎತ್ತು. ಇದಕ್ಕೂ ಮೇಲಿನ ಎರಡಕ್ಕೂ ಸಂಬಂಧ ಇಲ್ಲ. ಆದರೆ ಈ ಲ್ಯಾಟಿನ್ ಮಾತು, ಇಂಗ್ಲಿಷಿನ ‘ಕೌ’, ಸಂಸ್ಕೃತದಿಂದ ನಮಗೆ ಬಂದ ‘ಗೋವು’, ಮೂರೂ ಒಂದೇ ಬೇರಿನವು. ಕಿವಿಗೆ ಒಂದಕ್ಕೊಂದು ಹತ್ತಿರ ಅನ್ನಿಸುವುದೇ ಇಲ್ಲ, ಅಲ್ವಾ? ಬಾಸುಂಡೆ ಹತ್ತಿರ ಕಂಡು ದೂರ ಉಳಿಯಿತು, ಗೋವು ದೂರ ಕಂಡು ಮನೆಯವಳೇ ಆದಳು.

ಈಗ ಮೇಲಧಿಕಾರಿ ಬಾಸಿಗೆ ಬರೋಣ. ನನ್ನ ಮನಸ್ಸು ಇರುವುದು ಇಲ್ಲೇ.

ಇದು ಡಚ್ಚರ ಮಾತು. ಅವರ ‘ಬಾಸ್’ ಅಂದರೆ ಯಜಮಾನ, ಕಸುಬಿನಲ್ಲಿ ಹಿರಿಯ. ಇವತ್ತಿನ ನ್ಯೂಯಾರ್ಕ್ ಮೊದಲು ಡಚ್ಚರ ಊರು, ನ್ಯೂ ಆಮ್‌ಸ್ಟರ್‌ಡ್ಯಾಮ್. 1664ರಲ್ಲಿ ಇಂಗ್ಲಿಷರ ಕೈಗೆ ಹೋಯಿತು. ಆಳುವವರು ಬದಲಾದರು, ಜನ ಅಲ್ಲೇ ಉಳಿದರು, ಅವರ ಮಾತೂ ಉಳಿಯಿತು. ಮಕ್ಕಳು ತಿನ್ನುವ ‘ಕುಕೀ’ ಕೂಡ ಹಾಗೆ ಉಳಿದ ಡಚ್ ಮಾತೇ. ಆಮೇಲೆ, 19ನೇ ಶತಮಾನದ ಹೊತ್ತಿಗೆ, ಅಮೆರಿಕದ ಕೂಲಿಯವರ ಬಾಯಲ್ಲಿ ‘ಬಾಸ್’ ಜೋರಾಗಿ ಓಡಾಡತೊಡಗಿತು. ಅಲ್ಲಿಯವರೆಗೆ ಕೆಲಸ ಕೊಟ್ಟವನನ್ನು ‘ಮಾಸ್ಟರ್’ ಅನ್ನಬೇಕಿತ್ತು. ಆದರೆ ಅದೇ ದೇಶದಲ್ಲಿ ಗುಲಾಮರೂ ತಮ್ಮನ್ನು ಕೊಂಡವನಿಗೆ ‘ಮಾಸ್ಟರ್’ ಅನ್ನುತ್ತಿದ್ದರು. ಕೂಲಿ ಪಡೆದು ದುಡಿಯುವ ಬಿಳಿಯರು ಆ ಮಾತನ್ನು ಒಪ್ಪಲಿಲ್ಲ. ‘ನಾವು ಯಾರ ಸ್ವತ್ತೂ ಅಲ್ಲ, ಕೆಲಸ ಮಾಡುತ್ತೇವೆ, ಕೂಲಿ ತಗೊಳ್ಳುತ್ತೇವೆ’ ಅನ್ನುವ ಹಟ. ಮನೆಗೆಲಸದವರೂ ತಮ್ಮನ್ನು ಆಳು ಅನ್ನಿಸಿಕೊಳ್ಳದೆ ‘ಹೆಲ್ಪ್’ ಅನ್ನಿಸಿಕೊಂಡರು. ಅಂದರೆ ‘ಬಾಸ್’ ಮೇಲಿನವನು ತನಗೆ ತಾನೇ ಇಟ್ಟುಕೊಂಡ ಬಿರುದಲ್ಲ. ಕೆಳಗೆ ನಿಂತವನು ಆರಿಸಿಕೊಂಡ ಮಾತು. ಅದನ್ನು ಆರಿಸಿಕೊಳ್ಳುವ ಅವಕಾಶ ಗುಲಾಮನಿಗೆ ಇರಲಿಲ್ಲ ಅನ್ನುವುದನ್ನೂ ಜೊತೆಗೇ ನೆನಪಿಡಬೇಕು.

ಅದೇ ಡಚ್ಚರು 1652ರಲ್ಲಿ ಆಫ್ರಿಕಾದ ದಕ್ಷಿಣ ತುದಿಯಲ್ಲಿ ನೆಲೆ ಊರಿದರು. ಅಲ್ಲಿಗೂ ಇದೇ ಮಾತು ಹೋಯಿತು, ಆದರೆ ತದ್ವಿರುದ್ಧವಾಯಿತು. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ಬಿಳಿಯನನ್ನು ‘ಬಾಸ್’ ಅನ್ನಲೇಬೇಕಿತ್ತು. ಕೆಲಸ ಕೊಟ್ಟವನಾಗಬೇಕಿರಲಿಲ್ಲ, ಬಿಳಿಯನಾದರೆ ಸಾಕಿತ್ತು. ಬಿಳಿಯರ ಯಜಮಾನಿಕೆಗೇ ‘ಬಾಸ್‌ಸ್ಕಾಪ್’ ಅಂತ ಹೆಸರಿಟ್ಟು ರಾಜಕೀಯ ಮಾಡಿದರು. ಒಂದು ದಂಡೆಯಲ್ಲಿ ‘ನಾನು ಗುಲಾಮ ಅಲ್ಲ’ ಅನ್ನಲು ಹುಟ್ಟಿದ ಮಾತು ಇನ್ನೊಂದು ದಂಡೆಯಲ್ಲಿ ತಲೆ ತಗ್ಗಿಸಲು ಬಳಕೆಯಾಯಿತು. ಇದನ್ನು ಮೊದಲು ಓದಿದಾಗ ನನಗೆ ತುಂಬಾ ಹೊತ್ತು ಬೇರೆ ಕೆಲಸ ಮಾಡಲು ಆಗಲಿಲ್ಲ.

ಮೂರನೆಯ ದಂಡೆ ನಮ್ಮ ಪಕ್ಕದ್ದೇ. ಶ್ರೀಲಂಕಾದ ಕರಾವಳಿ ಡಚ್ಚರ ಕೈಯಲ್ಲಿತ್ತು. ಅಲ್ಲಿ ಸಿಂಹಳದವರು ಇವತ್ತಿಗೂ ಗಾರೆ ಕೆಲಸದವರನ್ನು, ಬಡಗಿಯನ್ನು ‘ಬಾಸ್’ ಅನ್ನುತ್ತಾರೆ. ಆಫೀಸು, ಕುರ್ಚಿ ಏನೂ ಇಲ್ಲ. ಕೈಯಲ್ಲಿ ಕರಣೆಯೋ ಉಳಿಯೋ ಇದ್ದವನು ಬಾಸು. ಹಿರಿಯರೆ, ಆ ಊರಲ್ಲಿದ್ದಿದ್ದರೆ ನಿಮ್ಮನ್ನು ನಿಮ್ಮ ಕಾರ್ಖಾನೆಯ ಸಾಹೇಬರೂ ಬಾಸ್ ಅನ್ನುತ್ತಿದ್ದರು. ನಮ್ಮಲ್ಲಿ ಆ ಜಾಗದಲ್ಲಿರುವ ಮಾತು ಮೇಸ್ತ್ರಿ. ಅದು ಪೋರ್ಚುಗೀಸರ ‘ಮೆಸ್ತ್ರೆ’, ‘ಚಾವಿ’, ‘ಪಾದ್ರಿ’ ಅನ್ನುವ ಮಾತುಗಳ ಜೊತೆ ಬಂದದ್ದು. ಅಮೆರಿಕದವರು ಬೇಡ ಅಂದ ‘ಮಾಸ್ಟರ್’, ನಾವು ಮೆಚ್ಚಿ ಕರೆಯುವ ‘ಮೇಸ್ತ್ರಿ’, ಎರಡೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಮಾತು ಅಲ್ಲಿ ಕಹಿ, ಇಲ್ಲಿ ಸಿಹಿ.

ಬೇರೆ ಅರ್ಥಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ಊರಿನ ಓಟು, ಗುತ್ತಿಗೆ, ನೌಕರಿ ಎಲ್ಲವನ್ನೂ ಮುಷ್ಟಿಯಲ್ಲಿಟ್ಟುಕೊಂಡ ಪುಢಾರಿಯೂ ಬಾಸು. ನ್ಯೂಯಾರ್ಕಿನ ವಿಲಿಯಂ ಟ್ವೀಡ್ ‘ಬಾಸ್ ಟ್ವೀಡ್’ ಅಂತಲೇ ಹೆಸರಾಗಿ, ಊರಿನ ದುಡ್ಡು ನುಂಗಿ, 1878ರಲ್ಲಿ ಜೈಲಿನಲ್ಲೇ ತೀರಿಕೊಂಡ. ಲಿವರ್‌ಪೂಲ್ ಕಡೆ ಯಾವುದಾದರೂ ತುಂಬಾ ಚೆನ್ನಾಗಿದ್ದರೆ ಅದನ್ನೇ ‘ಬಾಸ್’ ಅನ್ನುತ್ತಾರೆ. ನಿಮ್ಮ ಮೊಮ್ಮಗ ಮೊಬೈಲಿನಲ್ಲಿ ಆಡುವ ಆಟದಲ್ಲಿ ಕೊನೆಗೆ ಎದುರಾಗುವ ದೊಡ್ಡ ರಾಕ್ಷಸನಿಗೂ ಅದೇ ಹೆಸರು, ಕೇಳಿ ನೋಡಿ.

ಇನ್ನು ಕನ್ನಡದಲ್ಲಿ ಏನನ್ನಬೇಕು ಅನ್ನುವ ಪ್ರಶ್ನೆ. ಒಂದು ಮಾತು ಕೊಡಿ ಅಂತ ಕೇಳಿದ್ದೀರಿ. ನನ್ನ ಕೈಲಿ ಆಗುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಮೇಲಿನವನನ್ನು ಕರೆಯುವ ಒಂದೊಂದು ಮಾತೂ ‘ಅವನು ಯಾಕೆ ಮೇಲೆ’ ಅನ್ನುವುದನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ಒಡೆಯ ಅಂದರೆ ಇದ್ದವನು, ಹೊಂದಿದವನು. ಒಡವೆಗೂ ಒಡೆಯನಿಗೂ ಬೇರು ಒಂದೇ. ಮೈಸೂರಿನ ಅರಸರ ಹೆಸರಿನಲ್ಲಿ ಕೂತಿರುವುದೂ ಇದೇ. ಧಣಿಯ ಒಳಗೆ ಧನ ಇದೆ. ಯಜಮಾನ ಅಂದರೆ ಯಜ್ಞ ಮಾಡಿಸುವವನು, ಖರ್ಚು ಹೊರುವವನು. ಈಗ ಊರಿನ ಹಿರಿಯನೂ ಯಜಮಾನ, ಗಂಡನೂ ಯಜಮಾನ, ಅಂಗಡಿಯವನೂ ಯಜಮಾನ. ಸಾಹೇಬ ಅರಬ್ಬಿಯಲ್ಲಿ ಜೊತೆಗಾರ, ನಮ್ಮ ಕಚೇರಿಗೆ ಬರುವ ಹೊತ್ತಿಗೆ ಬಾಗಿಲಾಚೆ ಕೂತವರಾದರು. ‘ಸಾರ್’ ಬೇರಿನಲ್ಲಿ ವಯಸ್ಸಿನಲ್ಲಿ ಹಿರಿಯ. ಮೇಲಧಿಕಾರಿ ಬರೀ ಕುರ್ಚಿಯ ಎತ್ತರ ಹೇಳುತ್ತದೆ. ಇವುಗಳಲ್ಲಿ ಯಾವುದನ್ನು ಬಾಸಿನ ಜಾಗಕ್ಕೆ ಕೂರಿಸೋಣ? ಖಾಸಗಿ ಕಂಪನಿಯ ಇಪ್ಪತ್ತೆಂಟು ವರ್ಷದ ಹುಡುಗಿ ನಲವತ್ತು ವರ್ಷದವನಿಗೆ ಬಾಸ್ ಆಗಿರುತ್ತಾಳೆ. ಅವಳು ಒಡತಿಯೂ ಅಲ್ಲ, ಯಜಮಾನಿಯೂ ಅಲ್ಲ, ವಯಸ್ಸಿನಲ್ಲಿ ಹಿರಿಯಳೂ ಅಲ್ಲ.

ಕಳೆದ ಸುಗ್ಗಿಯಲ್ಲಿ ಪಾಂಡವಪುರದ ಕಡೆ ನೆಂಟರ ಆಲೆಮನೆಗೆ ಹೋಗಿದ್ದೆ. ಗಾಣದಲ್ಲಿ ಕಬ್ಬು ಅರೆದು, ಹಾಲು ಕೊಪ್ಪರಿಗೆಗೆ ಬಂದು, ಕೆಳಗೆ ಕಬ್ಬಿನ ರಚ್ಚಿನ ಉರಿ. ಆಲೆಮನೆ ನಮ್ಮ ನೆಂಟರದು. ಕಬ್ಬು ಇನ್ಯಾರದೋ. ಆದರೆ ಅಲ್ಲಿ ಎಲ್ಲರೂ ನೋಡುತ್ತಿದ್ದದ್ದು ಪಾಕ ನೋಡುವವರ ಮುಖವನ್ನು. ಹರಿದ ಬನಿಯನ್ನು, ತೋಳಿನ ಮೇಲೆಲ್ಲ ಪಾಕ ಸಿಡಿದ ಹಳೆಯ ಕಲೆ. ಅವರು ತಣ್ಣೀರಿನ ಬೋಗುಣಿಗೆ ಒಂದು ತೊಟ್ಟು ಬಿಟ್ಟರು. ಎರಡು ಬೆರಳಲ್ಲಿ ಉರುಳಿಸಿದರು. ತಲೆ ಅಲ್ಲಾಡಿಸಿದರು. ಇನ್ನೊಂದು ತೊಟ್ಟು. ಕೊನೆಗೆ ‘ಇಳ್ಸಿ’ ಅಂದರು, ಅಷ್ಟೇ. ಮಾಲೀಕರೂ ಸೇರಿ ನಾಲ್ಕು ಜನ ಓಡಿ ಬಂದು ಕೊಪ್ಪರಿಗೆಗೆ ಕೈ ಹಾಕಿದರು. ಒಂದು ನಿಮಿಷ ತಡವಾದರೆ ಬೆಲ್ಲ ಸೀಯುತ್ತದೆ. ಡಚ್ಚರ ಹಳೆಯ ಕಸುಬಿನ ಬಾಸ್, ಲಂಕೆಯ ಬಾಸ್, ನಮ್ಮ ಮೇಸ್ತ್ರಿ, ಈ ಪಾಕದವರು, ಇವರೆಲ್ಲ ಒಂದು ಕುಲ. ಕೆಲಸ ಗೊತ್ತಿದ್ದದ್ದಕ್ಕೆ ಮೇಲಿರುವವರು. ನನಗೆ ಬಾಸ್ ಅನ್ನುವ ಮಾತಿನ ಎಲ್ಲ ಅರ್ಥಗಳಲ್ಲಿ ಇದೇ ಹೆಚ್ಚು ಇಷ್ಟ.

ಈಗ ನಿಮ್ಮ ಮೊಮ್ಮಗನ ವಿಷಯ. ಇದಕ್ಕೆ ಉತ್ತರ ಕೊಡುವ ಮೊದಲು ನನ್ನ ಬಾಲ್ಯದ ಒಂದು ಸಂಗತಿ ಹೇಳಬೇಕು.

ನಮ್ಮ ತಾತನ ಹಳ್ಳಿಯಲ್ಲಿ ಗದ್ದೆ ಕೆಲಸಕ್ಕೆ ಒಬ್ಬರು ಬರುತ್ತಿದ್ದರು. ಆಗಲೇ ಎಪ್ಪತ್ತು ದಾಟಿದ್ದಿರಬೇಕು. ಜಗಲಿ ಹತ್ತುತ್ತಿರಲಿಲ್ಲ. ಅಂಗಳದ ಅಂಚಿನಲ್ಲಿ, ಮಳೆ ಬರುತ್ತಿದ್ದರೂ, ಸೂರಿನ ಹೊರಗೇ ನಿಲ್ಲುತ್ತಿದ್ದರು. ಒಂದು ದಿನ ಮನೆಯಲ್ಲಿ ದೊಡ್ಡವರು ಇರಲಿಲ್ಲ. ನಾನು ಬಾಗಿಲಿಗೆ ಬಂದೆ. ನನಗೆ ಹತ್ತು ವರ್ಷ. ಅವರು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕಂಕುಳಿಗೆ ಇಟ್ಟುಕೊಂಡು ‘ಬುದ್ಧೀ, ಗೌಡ್ರು ಇಲ್ವಾ?’ ಅಂದರು. ನಮ್ಮ ಮೈಸೂರು, ಮಂಡ್ಯ, ಚಾಮರಾಜನಗರದ ಹಳ್ಳಿಗಳಲ್ಲಿ ಈ ‘ಬುದ್ಧಿ’ಯನ್ನು ಕೇಳದವರಿಲ್ಲ. ಕೆಳಜಾತಿ ಅನ್ನಿಸಿಕೊಂಡವರು ಮೇಲುಜಾತಿ ಅನ್ನಿಸಿಕೊಂಡವರನ್ನು ಕರೆಯಬೇಕಿದ್ದ ಮಾತು. ಮುದುಕರು ಮಗುವನ್ನೂ ಹಾಗೇ ಕರೆಯಬೇಕಿತ್ತು. ನಾನು ಒಳಗಿನಿಂದಲೇ ‘ಇಲ್ಲ ಕಣೋ’ ಅಂದೆ. ಹತ್ತು ವರ್ಷದವನು ಎಪ್ಪತ್ತು ವರ್ಷದವರಿಗೆ. ಮನೆಯಲ್ಲಿ ಎಲ್ಲರೂ ಅವರನ್ನು ಹಾಗೇ ಮಾತಾಡಿಸುತ್ತಿದ್ದರು, ನಾನೂ ಕಲಿತಿದ್ದೆ. ಅವರಿಗೆ ‘ನೀವು’ ಅನ್ನುವ ದಿನ ನನಗೆ ಬರಲೇ ಇಲ್ಲ, ಅಷ್ಟರಲ್ಲಿ ಅವರು ಹೋಗಿಬಿಟ್ಟರು. ಈ ಕಾಗದದಲ್ಲಿ ‘ಅವರು’ ಅಂತ ಬರೆಯುವಾಗ ಕೈ ತಡವರಿಸುತ್ತದೆ.

‘ಬುದ್ಧಿ’ ಅಚ್ಚ ನಮ್ಮೂರ ಬಳಕೆಯೇ. ಕನ್ನಡದ್ದು ಅನ್ನುವ ಒಂದೇ ಕಾರಣಕ್ಕೆ ಅದನ್ನು ಉಳಿಸಿಕೊಳ್ಳಬೇಕು ಅಂತ ನಾನು ಹೇಳಲಾರೆ. ಇವತ್ತು ಮೈಸೂರಿನ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಆಟೋದವನು ‘ಎಲ್ಲಿಗ್ ಬಾಸ್?’ ಅನ್ನುತ್ತಾನೆ. ನನಗೂ ಬಾಸ್, ನನ್ನ ಹಿಂದೆ ಇಳಿದ ಕಾಲೇಜು ಹುಡುಗನಿಗೂ ಬಾಸ್, ತರಕಾರಿ ಮೂಟೆ ಹೊತ್ತು ದೇವರಾಜ ಮಾರುಕಟ್ಟೆಗೆ ಹೊರಟವನಿಗೂ ಬಾಸ್. ಟವೆಲ್ ತೆಗೆಯುವುದಿಲ್ಲ. ಜಾತಿ ಕೇಳುವುದಿಲ್ಲ. ಮೀಟರ್ ಹಾಕುತ್ತಾನೋ ಇಲ್ಲವೋ, ಅದು ಬೇರೆ ವಿಷಯ. ಯಾರನ್ನೂ ಮೇಲೆ ಕೂರಿಸದ ಬಾಸ್ ಅದು. ‘ಗುರು’ ಅಂದ ಹಾಗೆ, ನಿಮ್ಮ ಮಂಡ್ಯದಲ್ಲಿ ‘ಸಿವಾ’ ಅಂದ ಹಾಗೆ. ಈ ಒಂದು ಕಾರಣಕ್ಕೆ ಆ ಮಾತಿನ ಮೇಲೆ ನನಗೆ ಕೋಪ ಬರುವುದಿಲ್ಲ.

ಆದರೆ ನಿಮ್ಮ ನೋವು ಬೇರೆ, ಅದನ್ನು ನಾನು ತಳ್ಳಿಹಾಕುತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಸಲ್ಲುವ ಮಾತು ಮನೆಗೆ ಬಂದಾಗ ಏನೋ ಕಳೆದಂತಾಗುತ್ತದೆ. ಬಾಸ್ ಎಲ್ಲರೂ ಆಗಬಹುದು. ಅವನಿಗೆ ತಾತ ನೀವೊಬ್ಬರೇ. ಇದನ್ನು ಗದರಿಸಿ ಹೇಳಬೇಡಿ. ‘ಬಾಸ್ ಅನ್ನೋಕೆ ನಿನಗೆ ಊರೆಲ್ಲ ಇದೆ, ತಾತ ಅನ್ನೋಕೆ ನನಗೆ ನೀನೊಬ್ಬನೇ ಇರೋದು’ ಅಂತ ಹೇಳಿ. ಅವನು ರಜೆಗೆ ಬಂದಾಗ ಪಂಪ್‌ಸೆಟ್ ಹತ್ತಿರ ಕರೆದುಕೊಂಡು ಹೋಗಿ ನಿಮ್ಮ ಬಾಸನ್ನು ಮುಟ್ಟಿಸಿ ತೋರಿಸಿ. ಅದನ್ನು ಮರದಲ್ಲಿ ಮೊದಲು ಕೆತ್ತಿದ್ದು ನಿಮ್ಮಂಥವರ ಕೈ ಅಂತ ಅವನಿಗೆ ಯಾರೂ ಹೇಳಿರಲಾರರು.

ನಮ್ಮ ಪತ್ರಿಕೆಯ ರೂಢಿಯನ್ನೂ ಕೇಳಿದ್ದೀರಿ. ಸುದ್ದಿ, ವರದಿಗಳಲ್ಲಿ ‘ಮೇಲಧಿಕಾರಿ’ ಅಥವಾ ಆ ಹುದ್ದೆಯ ಹೆಸರನ್ನೇ ಬರೆಯುತ್ತೇವೆ. ಕತೆಯಲ್ಲಿ ಪಾತ್ರ ‘ಬಾಸ್’ ಅಂದರೆ ತಿದ್ದುವುದಿಲ್ಲ. ಗಾರೆ, ಮರಗೆಲಸದವರನ್ನು ‘ಮೇಸ್ತ್ರಿ’ ಅಂತಲೇ ಬರೆಯುತ್ತೇವೆ. ಎರಕದ ಬಾಸಿಗೆ ಇಷ್ಟು ದಿನ ನಮ್ಮಲ್ಲಿ ಮಾತೇ ಇರಲಿಲ್ಲ, ಯಾಕೆಂದರೆ ಆ ಕೆಲಸದ ಬಗ್ಗೆ ನಾವು ಬರೆದೇ ಇರಲಿಲ್ಲ. ನಿಮ್ಮ ಕಾಗದದಲ್ಲಿ ಬೀಡು, ಅಚ್ಚು ಅಂತ ಬಂದ ಕಡೆಯೆಲ್ಲ ನಾನು ಗೆರೆ ಎಳೆದುಕೊಂಡಿದ್ದೇನೆ. ಮೂವತ್ತು ವರ್ಷ ಆ ಮರಳು, ಆ ಬೆಂಕಿಯ ಮುಂದೆ ನೀವು ಮತ್ತು ನಿಮ್ಮ ಜೊತೆಯವರು ಆಡಿದ ಮಾತುಗಳು ಇನ್ನೂ ಎಷ್ಟಿವೆಯೋ. ದಯವಿಟ್ಟು ಒಂದೊಂದಾಗಿ ಬರೆದು ಕಳಿಸಿ. ಯಾವುದಕ್ಕೆ ಏನನ್ನುತ್ತಿದ್ದಿರಿ, ಯಾಕೆ ಹಾಗನ್ನುತ್ತಿದ್ದಿರಿ, ಅಷ್ಟು ಸಾಕು. ಎರಡು ಪುಟ ನಿಮಗಾಗಿ ಖಾಲಿ ಇಟ್ಟುಕೊಂಡಿರುತ್ತೇನೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚುವುದನ್ನು ಮಾತ್ರ ನಿಲ್ಲಿಸಬೇಡಿ.

ನಿಮ್ಮ,
ಸಂಪಾದಕ
ಮೈಸೂರು